ಮದುವೆ ಮನಸ್ಸಿಗೆ ಮದ್ದಲ್ಲ

"ಮನೆಯಲ್ಲೇ ಇರಿ, ಸುರಕ್ಷಿತವಾಗಿರಿ." 2020ರ ಮಾರ್ಚ್‌ನಲ್ಲಿ ದಿನಕ್ಕೆ ಹತ್ತು ಸಲ ಕಿವಿಗೆ ಬಿದ್ದ ಮಾತಿದು. ಮನೆ ಎಲ್ಲರಿಗೂ ಸುರಕ್ಷಿತ ಜಾಗ ಎಂದು ಹೇಳಿದವರು ಯಾರು? ಗಂಡನ ಏಟು, ಅತ್ತೆಯ ಚುಚ್ಚುಮಾತು, ತವರಿನಿಂದ ತಾ ಎನ್ನುವ ಕಾಟ ನಡೆಯುವುದು ಬೀದಿಯಲ್ಲಲ್ಲ, ನಾಲ್ಕು ಗೋಡೆಯೊಳಗೆ. ಆ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಮಹಿಳಾ ಆಯೋಗಕ್ಕೆ ಕೌಟುಂಬಿಕ ದೌರ್ಜನ್ಯದ ದೂರುಗಳು ಹೆಚ್ಚಿದವು, ದೂರು ಕೊಡಲೆಂದೇ ಆಯೋಗ ಒಂದು ವಾಟ್ಸ್ಯಾಪ್ ಸಂಖ್ಯೆ ತೆರೆಯಬೇಕಾಯಿತು. ಹೆಂಡತಿಯರ ಕಷ್ಟ ಹೀಗೆ ಅಷ್ಟಿಷ್ಟಾದರೂ ಲೆಕ್ಕಕ್ಕೆ ಬಂತು. ನಾನಿಲ್ಲಿ ಹೇಳಬೇಕೆಂದಿರುವುದು ಲೆಕ್ಕಕ್ಕೆ ಬಾರದ ಇನ್ನೊಬ್ಬಳ ಬಗ್ಗೆ. ಹಾಸ್ಟೆಲ್ ಮುಚ್ಚಿತೆಂದು ಚೀಲ ಹೊತ್ತು ಊರಿಗೆ ಬಂದ ಕಾಲೇಜು ಹುಡುಗಿಯ ಬಗ್ಗೆ.

ದೇಶದಲ್ಲಿ ಕೊರೊನಾದ ಮೊದಲ ಸಾವು ಆದದ್ದು ನಮ್ಮ ಕಲಬುರಗಿಯಲ್ಲಿ. ಅದರ ಬೆನ್ನಿಗೇ ರಾಜ್ಯದ ಕಾಲೇಜುಗಳಿಗೆ ಬೀಗ ಬಿತ್ತು. ಒಂದು ವಾರದ ಮಟ್ಟಿಗೆ ಎಂದು ಎರಡು ಜೊತೆ ಬಟ್ಟೆ ತಂದವರು ಎಂಟು ತಿಂಗಳು ಊರಲ್ಲೇ ಉಳಿದರು. ನವೆಂಬರ್‌ನಲ್ಲಿ ಬಾಗಿಲು ತೆರೆಯಿತು, 2021ರ ಏಪ್ರಿಲ್‌ನಲ್ಲಿ ಎರಡನೇ ಅಲೆಗೆ ಮತ್ತೆ ಮುಚ್ಚಿತು. ಹಾಸ್ಟೆಲ್ ಊಟದಲ್ಲಿ ಹುಳು ಇದ್ದರೂ, ಒಂದು ಕೋಣೆಯಲ್ಲಿ ಆರು ಮಂದಿ ಮಲಗಿದರೂ, ಅದು ನಮ್ಮ ಹುಡುಗಿಯರಿಗೆ ಸಿಕ್ಕ ಮೊದಲ ಸ್ವಂತ ಜಾಗ. ಅಲ್ಲಿ ಅವಳನ್ನು ನೀರಿಗೆ ಹೋಗು ಎಂದು ಎಬ್ಬಿಸುವವರಿಲ್ಲ. ಅತ್ತರೆ ಯಾಕೆ ಅಳುತ್ತೀ ಎಂದು ಕೇಳುವ ಗೆಳತಿ ಪಕ್ಕದ ಮಂಚದಲ್ಲಿದ್ದಳು. ಊರಿಗೆ ಬಂದ ಮರುದಿನದಿಂದ ಅವಳು ಮತ್ತೆ ಮುಸುರೆ ತಿಕ್ಕುವವಳು, ಸಗಣಿ ಬಳಿಯುವವಳು. ಮನೆಯಲ್ಲಿದ್ದ ಒಂದು ಸ್ಮಾರ್ಟ್ ಫೋನು ತಮ್ಮನ ಕೈಯಲ್ಲಿ. ಮಲೆನಾಡಿನಲ್ಲಿ ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿ ಪಾಠ ಕೇಳಿದ ಮಕ್ಕಳ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು, ಎಲ್ಲರೂ ಭೇಷ್ ಎಂದರು. ಗುಡ್ಡಕ್ಕೆ ಒಬ್ಬಳೇ ಹೋಗಬೇಡ ಎಂದು ಮನೆಯಲ್ಲೇ ಕೂರಿಸಲ್ಪಟ್ಟವಳ ಚಿತ್ರ ಯಾರು ತೆಗೆದರು?

ಇದರ ನಡುವೆ ಮದುವೆಗಳ ಸುಗ್ಗಿ. 50 ಜನಕ್ಕಿಂತ ಹೆಚ್ಚು ಸೇರಬಾರದು ಎಂದು ಸರ್ಕಾರ ಹೇಳಿತಲ್ಲ, ಛತ್ರ ಬೇಡ, ವಾಲಗ ಬೇಡ, ಊರಿಗೆಲ್ಲ ಊಟ ಬೇಡ, ಅಗ್ಗದಲ್ಲಿ ಮುಗಿಯುತ್ತದೆ ಎಂದು ಹೆತ್ತವರು ಅವಸರ ಮಾಡಿದರು. ಉಳಿದ ದುಡ್ಡು ಹುಡುಗಿಯ ಫೀಸಿಗೆ ಹೋಯಿತೇ? ನಾನು ಕಂಡ ಮನೆಗಳಲ್ಲಿ ಇಲ್ಲ. "ಹೇಗೂ ಊಟದ ಖರ್ಚು ಉಳಿಯಿತಲ್ಲ" ಎಂದು ಗಂಡಿನ ಕಡೆಯವರು ಅದನ್ನೂ ಸೇರಿಸಿ ಕೇಳಿದರು. ನಮ್ಮ ಸಾಲದ ಕಂತಿಗೆ ರಿಸರ್ವ್ ಬ್ಯಾಂಕ್ ಆಗಸ್ಟ್‌ವರೆಗೆ ಬಿಡುವು ಕೊಟ್ಟಿತ್ತು. (ಬಡ್ಡಿ ಓಡುತ್ತಲೇ ಇತ್ತು, ಅದು ಬೇರೆ ಮಾತು.) ಕೊನೆಯ ಸೆಮಿಸ್ಟರಿನ ಹುಡುಗಿಗೆ ಅಷ್ಟು ಬಿಡುವನ್ನೂ ಯಾರೂ ಕೊಡಲಿಲ್ಲ.

ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 2019ರಲ್ಲಿ 10,335, 2020ರಲ್ಲಿ 12,526, 2021ರಲ್ಲಿ 13,089. ಇದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕ. ಶಾಲೆಯ ಮಕ್ಕಳೂ ಇದರಲ್ಲಿದ್ದಾರೆ, ಗಂಡುಮಕ್ಕಳೂ ಇದ್ದಾರೆ, ಎಲ್ಲಕ್ಕೂ ಕೊರೊನಾ ಒಂದೇ ಕಾರಣ ಎನ್ನಲಾಗದು. ಆದರೆ ಎಲ್ಲರ ಮೇಲೂ ಒಟ್ಟಿಗೇ ಕಷ್ಟ ಬಿದ್ದಾಗ ಎಳೆಯ ಮನಸ್ಸಿನ ನೋವು ಯಾರಿಗೂ ಕಾಣುವುದಿಲ್ಲ. "ಎಲ್ಲರಿಗೂ ಇದೆ ಕಷ್ಟ, ನಿನ್ನದೇನು ದೊಡ್ಡದು?" ಎಂಬ ಒಂದು ಮಾತು ಸಾಕು, ಅವಳ ಬಾಯಿ ಮುಚ್ಚುತ್ತದೆ.

ಬಾಯಿ ಮುಚ್ಚಿದರೂ ಮೈ ಹೇಳುತ್ತದೆ. ನಿದ್ದೆ ಬರುವುದಿಲ್ಲ, ಇಲ್ಲವೇ ಹಗಲೆಲ್ಲ ಮಲಗಿರುತ್ತಾಳೆ. ತಟ್ಟೆಯ ಅನ್ನ ಹಾಗೇ ಉಳಿಯುತ್ತದೆ. ತಲೆ ಬಾಚುವುದಿಲ್ಲ, ಗೆಳತಿಯ ಫೋನು ಬಂದರೂ ಎತ್ತುವುದಿಲ್ಲ. "ನಾನಿದ್ದು ಏನು ಪ್ರಯೋಜನ" ಎನ್ನುತ್ತಾಳೆ. ಇದನ್ನು ಕಂಡ ನಾವು ಏನೆನ್ನುತ್ತೇವೆ? ಸೊಕ್ಕು ಎನ್ನುತ್ತೇವೆ, ಗಾಳಿ ಸೋಕಿದೆ ಎನ್ನುತ್ತೇವೆ. ಕೊನೆಗೆ "ಒಂದು ಮದುವೆ ಮಾಡಿಬಿಡಿ, ಎಲ್ಲ ಸರಿಹೋಗುತ್ತದೆ" ಎನ್ನುತ್ತೇವೆ. ಇದರಷ್ಟು ಕೆಟ್ಟ ಸಲಹೆ ಇನ್ನೊಂದಿಲ್ಲ. ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿದರೆ ಅತ್ತೆಮನೆಯಲ್ಲಿ ಮಾತ್ರೆ ನಿಲ್ಲುತ್ತದೆ, ಇನ್ನಷ್ಟು ತಾ ಎನ್ನಲು ಅವರಿಗೊಂದು ನೆಪ ಸಿಗುತ್ತದೆ, ಸಾಲದಿದ್ದರೆ "ಹುಚ್ಚಿಯನ್ನು ಕಟ್ಟಿದಿರಿ" ಎಂದು ತಂದು ಬಿಡುತ್ತಾರೆ. ಹಿಂದೂ ವಿವಾಹ ಕಾಯ್ದೆಯಲ್ಲಿ ತೀವ್ರ ಮಾನಸಿಕ ಅಸ್ವಾಸ್ಥ್ಯ ವಿಚ್ಛೇದನಕ್ಕೆ ಒಂದು ಕಾರಣವೂ ಹೌದು. ಮದ್ದು ಎಂದು ಕೊಟ್ಟ ಮದುವೆಯೇ ಅವಳಿಗೆ ಎರಡನೇ ಕಾಯಿಲೆಯಾಗುತ್ತದೆ.

ಅಕ್ಕತಂಗಿಯರೇ, ಕೆಲವು ವಿಷಯ ನಮಗೆ ಗೊತ್ತಿರಬೇಕು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಹೆಂಡತಿಗೆ ಮಾತ್ರ ಅಲ್ಲ. ಅಪ್ಪ, ಅಣ್ಣ ಹೊಡೆದರೆ, ಕೂಡಿಹಾಕಿದರೆ, ಬೇಡವೆಂದರೂ ಮದುವೆಗೆ ಬಲವಂತ ಮಾಡಿದರೆ ಮಗಳೂ ಅದರಡಿ ರಕ್ಷಣೆ ಕೇಳಬಹುದು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ, ಅಂಗನವಾಡಿ ಟೀಚರನ್ನು ಕೇಳಿದರೆ ಆ ಕಚೇರಿ ಎಲ್ಲಿದೆ ಎಂದು ಹೇಳುತ್ತಾರೆ. 181 ಮಹಿಳಾ ಸಹಾಯವಾಣಿ. ಜೀವ ಕಳೆದುಕೊಳ್ಳಲು ಹೋಗಿ ಉಳಿದ ಹುಡುಗಿಯನ್ನು ಪೊಲೀಸ್ ಕೇಸಿನ ಭಯಕ್ಕೆ ಆಸ್ಪತ್ರೆಯಿಂದ ದೂರ ಇಡುವವರು ಇಂದಿಗೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅವಳನ್ನು ಅಪರಾಧಿ ಎನ್ನುವುದಿಲ್ಲ, ತೀವ್ರ ಒತ್ತಡದಲ್ಲಿರುವವಳು ಎಂದು ನೋಡಿ ಆರೈಕೆ ಕೊಡಬೇಕು ಎನ್ನುತ್ತದೆ.

2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ, ಅಂದರೆ 14416ಕ್ಕೆ, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಇದರ ಕೇಂದ್ರ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ, ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ 2023ರ ಜೂನ್‌ನಿಂದ ಟಿಕೆಟ್ ಇಲ್ಲ. ಆದರೆ ಫೋನು ತಮ್ಮನ ಕೈಯಲ್ಲಿದ್ದರೆ ಸಂಖ್ಯೆ ಗೊತ್ತಿದ್ದೂ ಏನು ಮಾಡಿಯಾಳು? ಅದಕ್ಕೇ ನಮ್ಮ ಸಂಘದಲ್ಲಿ ಒಂದು ಏರ್ಪಾಡು ಮಾಡಿಕೊಂಡಿದ್ದೇವೆ. ಸಭೆಯ ದಿನ ಉಳಿತಾಯದ ಲೆಕ್ಕ ಮುಗಿದ ಮೇಲೆ ಸಂಘದ ಫೋನು ಅರ್ಧ ಗಂಟೆ ಹಿಂದಿನ ಕೋಣೆಯಲ್ಲಿರುತ್ತದೆ. ಯಾರ ಮಗಳಾದರೂ ಬಂದು ಬಾಗಿಲು ಹಾಕಿಕೊಂಡು ಮಾತಾಡಬಹುದು. ಯಾರಿಗೆ, ಏನು ಎಂದು ನಾವು ಕೇಳುವುದಿಲ್ಲ.