ಹೋಂ ನರ್ಸಿಗೆ ಪಾಠ ಹೇಳಿದವರು ಯಾರು?

ಬೆಳಿಗ್ಗೆ ಅಂಕೋಲೆ ಕಡೆಯಿಂದ ಬರುವ ಬಸ್ಸು ಬಿಣಗಾದಲ್ಲಿ ನಿಂತಾಗ ಇಳಿಯುವವರಲ್ಲಿ ಎರಡು ತರದ ಕೆಲಸಗಾರರು. ಕೆಲವರು ಕಾರ್ಖಾನೆಗೆ. ಇನ್ನು ಕೆಲವರು ಕೈಯಲ್ಲಿ ಒಂದು ಚೀಲ ಹಿಡಿದು ಯಾರದೋ ಮನೆಯ ಅಜ್ಜಿಯನ್ನೋ ಅಜ್ಜನನ್ನೋ ನೋಡಿಕೊಳ್ಳಲು ಹೊರಟ ಹೆಂಗಸರು. ಕಾರ್ಖಾನೆಗೆ ಹೋಗುವವನಿಗೆ ಗೇಟಿನಲ್ಲಿ ಹಾಜರಿ ಉಂಟು, ತಲೆಗೆ ಹೆಲ್ಮೆಟ್ ಉಂಟು, ಮೇಲೊಬ್ಬ ಸೂಪರ್‌ವೈಜರ್ ಉಂಟು. ಈ ಹೆಂಗಸರಿಗೆ ಏನುಂಟು? ಮನೆಯವರು ಬಾಗಿಲು ತೆಗೆದರೆ ಒಳಗೆ, ಬೇಡವೆಂದರೆ ಹೊರಗೆ.

ಮಕ್ಕಳು ಗೋವಾ, ಬೆಂಗಳೂರು, ಮುಂಬಯಿ, ದುಬೈ ಅಂತ ಹೋಗಿದ್ದಾರೆ. ಮನೆ ಕಾಯಲಿಕ್ಕೆ ಮುದುಕರು ಉಳಿದಿದ್ದಾರೆ. ಆದ್ದರಿಂದ ಈಗ ಎಲ್ಲರ ಬಾಯಲ್ಲೂ ಒಂದೇ ಮಾತು: 'ಒಬ್ಬಳು ಹೋಂ ನರ್ಸ್ ಸಿಕ್ಕಬಹುದಾ ನೋಡಿ ಮಾರಾಯ್ರೆ.'

ಈ ಹೆಸರಿನಲ್ಲೇ ಮೊದಲ ಮೋಸ. ನರ್ಸ್ ಅಂದರೆ ಮೂರು ವರ್ಷ ಜಿಎನ್‌ಎಂ ಅಥವಾ ನಾಲ್ಕು ವರ್ಷ ಬಿಎಸ್ಸಿ ಓದಿ, ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ಬರೆಸಿದವರು. ಏಜೆನ್ಸಿಯವರು ಕಳಿಸುವ ಹೆಂಗಸು ಬಹಳ ಸಲ ನಿನ್ನೆಯವರೆಗೆ ಇನ್ನೊಂದು ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವಳು. ಪಾತ್ರೆ ತೊಳೆಯುವುದು ಕೀಳು ಕೆಲಸವೇನೂ ಅಲ್ಲ. ಆದರೆ ಅವಳಿಗೆ ಒಂದಕ್ಷರ ಕಲಿಸದೆ 'ನರ್ಸ್' ಎಂದು ಹೆಸರಿಟ್ಟು, ನರ್ಸಿನ ರೇಟು ಹೇಳಿ ಕಮಿಷನ್ ಎಣಿಸಿಕೊಳ್ಳುವವರ ಧೈರ್ಯವನ್ನು ಮೆಚ್ಚಲೇಬೇಕು.

'ಗುಡಿಸಿ ಒರೆಸಲಿಕ್ಕೆ ಯಾವ ಟ್ರೈನಿಂಗು?' ಎಂದು ಅಂಗಡಿಕಾರ ಮಿತ್ರರೊಬ್ಬರು ನಕ್ಕರು. ಅವರ ಅಂಗಡಿಯ ಕಪಾಟಿನಲ್ಲೇ ಉತ್ತರ ಉಂಟು. ಬ್ಲೀಚಿಂಗ್ ಪೌಡರಿನ ಪೊಟ್ಟಣ, ಪಕ್ಕದಲ್ಲೇ ಸಂಡಾಸು ತೊಳೆಯುವ ಆಸಿಡ್. ಚೊಕ್ಕಟ ಆಗಲಿ ಅಂತ ಎರಡನ್ನೂ ಕೂಡಿಸಿ ಸುರಿದರೆ ಏಳುವುದು ಕ್ಲೋರಿನ್ ಹೊಗೆ. ಕಾಸ್ಟಿಕ್ ಸೋಡಾ ಕಾರ್ಖಾನೆಯ ಪಕ್ಕದಲ್ಲಿ ಬದುಕುವ ಬಿಣಗಾದವರಿಗೆ ಕ್ಲೋರಿನ್ ಅಂದರೆ ಏನೆಂದು ನಾವು ಹೇಳಬೇಕಾಗಿಲ್ಲ. ಕಾರ್ಖಾನೆಯಲ್ಲಿ ಅದಕ್ಕೆ ಮಾಸ್ಕ್ ಉಂಟು, ಸೈರನ್ ಉಂಟು. ಕಿಟಕಿ ಹಾಕಿದ ಬಚ್ಚಲಿನಲ್ಲಿ, ಆಚೆ ಕೋಣೆಯಲ್ಲಿ ದಮ್ಮಿನ ಅಜ್ಜ ಮಲಗಿರುವಾಗ, ಯಾವ ಸೈರನ್ ಕೂಗುತ್ತದೆ?

ಹಾಗೆಯೇ ಬಚ್ಚಲ ನೆಲದ ಸಾಬೂನು ನೀರು. ಅಜ್ಜಿ ಜಾರಿದರೆ ಸೊಂಟದ ಎಲುಬು ಹೋಯಿತು, ಮುಂದೆ ಅವಳು ಏಳುವುದೇ ಕಷ್ಟ. ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲವಾದರೆ ಬೆನ್ನಿಗೆ ಹುಣ್ಣು. ಮಲಗಿದಲ್ಲೇ ಗಂಜಿ ಹೊಯ್ದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು, ಕೂರಿಸಿಯೇ ಉಣಿಸಬೇಕು. ಸಕ್ಕರೆ ಕಾಯಿಲೆಯವರು ಬೆವತು ನಡುಗಿದರೆ ಸಕ್ಕರೆ ಇಳಿದಿರಬಹುದು. ಇವನ್ನು ಕಲಿಯಲು ಕಾಲೇಜು ಬೇಡ, ಯಾರಾದರೂ ಕೂತು ಹೇಳಿಕೊಡಬೇಕು.

ಅಮೇರಿಕದಲ್ಲಿ ಸರ್ಕಾರದ ಮೆಡಿಕೇರ್ ಹಣ ಪಡೆಯುವ ಸಂಸ್ಥೆಗಳು ಮನೆಗೆ ಕಳಿಸುವ ಆರೈಕೆ ಸಹಾಯಕಿಗೆ ಕನಿಷ್ಠ 75 ತಾಸಿನ ತರಬೇತಿ ಆಗಿರಬೇಕು, ಮೇಲೆ ವರ್ಷಕ್ಕೆ 12 ತಾಸಿನ ಪಾಠ. ಮನೆಯಲ್ಲಿ ನರ್ಸಿನ ಚಿಕಿತ್ಸೆಯೂ ನಡೆದಿದ್ದರೆ 14 ದಿನಕ್ಕೊಮ್ಮೆ ಆ ನರ್ಸ್ ಸಹಾಯಕಿಯ ಕೆಲಸವನ್ನೂ ನೋಡಬೇಕು. ಅಷ್ಟು ದೂರ ಯಾಕೆ, ಕೇರಳವನ್ನೇ ನೋಡಿ. ಅಲ್ಲಿ 2008ರಲ್ಲಿ ಪಾಲಿಯೇಟಿವ್ ಆರೈಕೆಯ ನೀತಿ ಬಂತು. ಹಾಸಿಗೆ ಹಿಡಿದವರ ಮನೆಗೆ ತರಬೇತಾದ ನರ್ಸ್ ಪಂಚಾಯಿತಿಯ ಕಡೆಯಿಂದ ಹೋಗುತ್ತಾರೆ, ಮನೆಯವರಿಗೂ ಕಲಿಸಿ ಬರುತ್ತಾರೆ.

ನಮ್ಮಲ್ಲಿ ಏನೂ ಇಲ್ಲವೆಂದಲ್ಲ. ಕೇಂದ್ರದ ಕೌಶಲ ಯೋಜನೆಯಲ್ಲಿ 'ಹೋಂ ಹೆಲ್ತ್ ಏಡ್' ಎಂಬ ಕೋರ್ಸೇ ಉಂಟು. ಮನೆಗೆಲಸದವರಿಗೆ ಕನಿಷ್ಠ ಕೂಲಿಯನ್ನು ನಮ್ಮ ರಾಜ್ಯ 2004ರಲ್ಲೇ ಗೊತ್ತುಮಾಡಿತು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಂತೆ ಮನೆಗೆಲಸದವಳು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಲಿಖಿತ ಕರಾರು, ಏಜೆನ್ಸಿಗಳ ನೋಂದಣಿ ಎಂದೆಲ್ಲ ಹೇಳುವ ಮಸೂದೆಯ ಕರಡನ್ನು 2025ರಲ್ಲಿ ರಾಜ್ಯ ಸರ್ಕಾರ ಹೊರಡಿಸಿತು. ಆದರೆ ಬಿಣಗಾದ ಒಂದು ಮನೆಯ ಬಾಗಿಲು ತಟ್ಟಿ 'ಅಕ್ಕಾ, ನಿನಗೆ ಮಾತ್ರೆ ಯಾವುದೆಂದು ಗೊತ್ತುಂಟಾ? ರಾತ್ರಿ ಎಷ್ಟು ತಾಸು ನಿದ್ದೆ ಸಿಗ್ತದೆ?' ಎಂದು ಕೇಳುವವರು ಇವರಲ್ಲಿ ಯಾರು? ಏಜೆನ್ಸಿಯವರು ಬರುವುದು ದುಡ್ಡು ವಸೂಲಿಗೆ.

ಮೇಲ್ವಿಚಾರಣೆ ಅಂದರೆ ಮನೆಯವರು ಕೆಮರಾ ಹಾಕಿ ದುಬೈಯಿಂದ ನೋಡುವುದು ಅಂತ ಕೆಲವರು ತಿಳಿದಿದ್ದಾರೆ. ಕೆಮರಾ ಕಳ್ಳತನ ಹಿಡಿಯಬಹುದು, ಬೆನ್ನಹುಣ್ಣು ಹಿಡಿಯುವುದಿಲ್ಲ. ಹಗಲು ರಾತ್ರಿ ಒಬ್ಬಳನ್ನೇ ದುಡಿಸಿದರೆ ಮಾತ್ರೆ ತಪ್ಪದೆ ಇನ್ನೇನಾಗುತ್ತದೆ? ಆಗ ಬೈಗುಳ ಅವಳಿಗೆ.

ಕಾರವಾರದಲ್ಲಿ 2016ರಿಂದ ಸರ್ಕಾರಿ ಮೆಡಿಕಲ್ ಕಾಲೇಜು ಉಂಟು. ಅಲ್ಲಿಯೇ ಹದಿನೈದು ದಿನದ ತರಗತಿ ಇಡಬಹುದು. ಕಲಿತವರಿಗೆ ಫೋಟೋ ಇರುವ ಕಾರ್ಡ್ ಕೊಟ್ಟು, ಅವರ ಪಟ್ಟಿಯನ್ನು ನಗರಸಭೆಯಲ್ಲಿ ತೂಗುಹಾಕಿದರೆ ಜನರಿಗೂ ಯಾರನ್ನು ಕರೆಯಬೇಕೆಂದು ತಿಳಿಯುತ್ತದೆ. ತಿಂಗಳಿಗೊಮ್ಮೆ ಒಬ್ಬ ನರ್ಸ್ ಮನೆಗೆ ಹೋಗಿ ನೋಡಲಿ. ಅಲ್ಲಿಯವರೆಗೆ ಮನೆಯವರಾದರೂ ಒಂದು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಲಿ: ಯಾವ ಮಾತ್ರೆ ಎಷ್ಟು ಗಂಟೆಗೆ, ಯಾವ ಡಾಕ್ಟರಿಗೆ ಫೋನು, ಅವಳ ಕೆಲಸ ಯಾವುದು, ಯಾವುದು ಅಲ್ಲ. ಇಂಜೆಕ್ಷನ್ ಅವಳ ಕೆಲಸ ಅಲ್ಲ.

ಸಂಜೆಯ ಬಸ್ಸಿನಲ್ಲಿ ಪಕ್ಕ ಕೂತಿದ್ದ ಒಬ್ಬ ಅಕ್ಕನನ್ನು ಕೇಳಿದೆ, ಹೀಗೊಂದು ಕ್ಲಾಸು ಮಾಡಿದರೆ ಬರ್ತೀರಾ ಅಂತ. 'ಬರ್ತೆ ತಮ್ಮಾ, ಯಾಕೆ ಬರೂದಿಲ್ಲ? ಆದರೆ ಹದಿನೈದು ದಿನದ ಪಗಾರ ಯಾರು ಕೊಡ್ತಾರೆ, ಅದನ್ನ ಮೊದಲು ಕೇಳಿ ಬರಿ' ಅಂದಳು.