ರೈಲು ಉದ್ದ ಆದ್ರೆ ಸಾಲ್ದು, ಕಟ್ಟೆನೂ ಉದ್ದ ಆಗ್ಬೇಕು

ನಮ್ ಕಡೆ ಹೆಣ್ಮಕ್ಳು ನಾಕು ಜನ ರೈಲಲ್ಲಿ ನಿಂತ್ರೆ (ಕೂರೋಕೆಲ್ಲಿ ಜಾಗ!) ಬರೋ ಮೊದಲ್ನೇ ಮಾತು ಒಂದೇ. "ಇನ್ನೆರಡು ಬೋಗಿ ಹಾಕಿದ್ರೆ ಇವರ ಗಂಟೇನು ಹೋಗ್ತಿತ್ತು?" ನಂದೂ ಅದೇ ಮಾತು. ಆದ್ರೆ ಅದಕ್ಕೆ ಇನ್ನೊಂದು ಮಾತು ಸೇರಿಸ್ಬೇಕು ಅಂತ ಇವತ್ತು ಬರೀತಾ ಇದೀನಿ. ಬೋಗಿ ಹಾಕೋ ಜೊತೆಗೇ ಸ್ಟೇಷನ್ ಕಟ್ಟೆನೂ ಉದ್ದ ಮಾಡ್ಬೇಕು, ಎತ್ತರ ಮಾಡ್ಬೇಕು. ಅದೂ ತುಮಕೂರು, ತಿಪಟೂರು, ಅರಸೀಕೆರೇಲಿ ಮಾತ್ರ ಅಲ್ಲ. ನಿಟ್ಟೂರು, ಸಂಪಿಗೆ ರೋಡು, ಅಮ್ಮಸಂದ್ರ, ಬಾಣಸಂದ್ರ, ಅರಳಗುಪ್ಪೆ, ಕರಡಿ ಇಂಥ ಸಣ್ಣ ಸ್ಟೇಷನಲ್ಲೂ ಆಗ್ಬೇಕು.

ಪ್ಲಾಟ್‌ಫಾರಂ ಅಂತಾರಲ್ಲ, ಅದು ನಮ್ಮತ್ತೆ ಬಾಯಲ್ಲಿ ಕಟ್ಟೆ. ನಾನೂ ಹಂಗೇ ಬರೀತೀನಿ.

ಸಣ್ಣ ಸ್ಟೇಷನ್ ಯಾಕೆ ಅಂತೀರಾ? ತುರುವೇಕೆರೆಗೂ ರೈಲಿಲ್ಲ, ಚಿಕ್ಕನಾಯಕನಹಳ್ಳಿಗೂ ರೈಲಿಲ್ಲ. ತುರುವೇಕೆರೆಯೋರಿಗೆ ಬಾಣಸಂದ್ರನೇ ಸ್ಟೇಷನ್ನು. ಚಿಕ್ಕನಾಯಕನಹಳ್ಳಿಯೋರು ಬಸ್ಸೋ ಆಟೋನೋ ಹಿಡಿದು ತಿಪಟೂರಿಗೋ ಬಾಣಸಂದ್ರಕ್ಕೋ ಬರ್ಬೇಕು. ಹೊರಗಿಂದ ನೋಡಿದ್ರೆ ಎರಡು ಕಲ್ಲುಬೆಂಚು, ಒಂದು ಬೇವಿನ ಮರ ಇರೋ ಸ್ಟೇಷನ್ನು. ಅದರ ಹಿಂದೆ ಒಂದು ತಾಲ್ಲೂಕೇ ನಿಂತೈತೆ. ತುಮಕೂರು ಕಾಲೇಜಿಗೆ ಹೋಗೋ ಹುಡುಗೀರು, ಯಶವಂತಪುರದ ಕಡೆ ಕೆಲಸಕ್ಕೆ ಹೋಗೋ ಗಂಡ್ಸ್ರು, ಬೆಂಗಳೂರು ಆಸ್ಪತ್ರೆಗೆ ಫೈಲು ಹಿಡ್ಕೊಂಡು ಹೋಗೋ ವಯಸ್ಸಾದೋರು, ಮಗಳ ಮನೆಗೆ ಕಾಯಿ ಚೀಲ ಹೊತ್ಕೊಂಡು ಹೋಗೋ ನಮ್ಮಂಥೋರು, ಎಲ್ರೂ ಅಲ್ಲೇ ಹತ್ತೋದು.

"ಬೋಗಿ ಯಾಕೆ, ಇನ್ನೊಂದು ರೈಲೇ ಬಿಡ್ಲಿ" ಅಂತ ನಮ್ಮನೆಯವ್ರು ಅಂತಾರೆ. ಬಿಟ್ರೆ ಯಾರು ಬ್ಯಾಡ ಅಂತಾರೆ? ಆದ್ರೆ ಹಳಿ ಜೋಡಿ ಆದ್ರೂ ಬೆಂಗಳೂರು ಹತ್ರ ಹೋದಂಗೆ ಹಾದಿ ಕಿರಿದಾಗ್ತದೆ. ಒಂದು ಗಾಡಿ ಮುಂದಕ್ಕೆ ಹೋಗೋವರ್ಗೂ ಹಿಂದಿನ ಗಾಡಿಗೆ ಸಿಗ್ನಲ್ ಬೀಳಲ್ಲ. ನಮ್ಮೂರ ಸೇದೋ ಬಾವಿ ಇದ್ದಂಗೆ. ರಾಟೆ ಒಂದೇ, ಗಳಿಗೆಗೆ ಇಷ್ಟೇ ಸಲ ಇಳಿಬಿಡೋಕಾಗೋದು. ಆಗ ಮಾಡೋದೇನು? ಕೊಡ ದೊಡ್ಡದು ಕಟ್ತೀವಿ. ಒಂದು ಜನರಲ್ ಬೋಗೀಲಿ ಸೀಟೇ 90ರಿಂದ 100 ಇರ್ತವೆ, ನಿಂತೋರ ಲೆಕ್ಕ ಬೇರೆ. ನಾಕು ಬೋಗಿ ಸೇರಿಸಿದ್ರೆ ಒಂದು ಸಣ್ಣ ಊರೇ ಕೂತ್ಕೊಂಡು ಹೋಗ್ಬೋದು. ಅದಕ್ಕೆ ಉದ್ದ ರೈಲು ಸರಿನೇ.

ಈಗ ಉದ್ದದ ಲೆಕ್ಕ ನೋಡಿ. ಈಗಿನ ಹೊಸ ನಮೂನೆ ಬೋಗಿ ಒಂದೊಂದು ಸುಮಾರು 24 ಮೀಟರು. 22 ಬೋಗಿ ಅಂದ್ರೆ 528 ಮೀಟರು, ಎಂಜಿನ್ ಬಿಟ್ಟು. ತೋಟದ ಲೆಕ್ಕದಲ್ಲಿ ಹೇಳ್ಬೇಕು ಅಂದ್ರೆ, 30 ಅಡಿಗೊಂದು ಗಿಡ ಇಟ್ಟ ಸಾಲಲ್ಲಿ 58 ತೆಂಗಿನಮರ. ಆ ಸಾಲಿನ ಈ ತುದಿಯಿಂದ ಆ ತುದಿಗೆ, ಸೊಂಟದ ಮೇಲೆ ಮೊಮ್ಮಗು, ಕೈಲಿ ಚೀಲ, ಎರಡು ನಿಮಿಷದಲ್ಲಿ ಓಡಿ ನೋಡಿ. ಗಾಡಿ ನಮ್ಮಲ್ಲಿ ನಿಲ್ಲೋದೇ ಒಂದೋ ಎರಡೋ ನಿಮಿಷ.

ಕಟ್ಟೆ ಗಿಡ್ಡ ಇದ್ರೆ ಯಾವ ಬೋಗಿ ಹೊರಗುಳೀತದೆ? ಎ.ಸಿ. ಬೋಗಿ, ರಿಸರ್ವೇಶನ್ ಬೋಗಿ ಸಾಮಾನ್ಯವಾಗಿ ಮಧ್ಯ ಇರ್ತವೆ. ಜನರಲ್ ಬೋಗಿ ಮುಂದಿನ ತುದೀಲಿ, ಹಿಂದಿನ ತುದೀಲಿ. ಗಾರ್ಡ್ ಡಬ್ಬಿ ಜೊತೆಗಿರೋ ಹೆಂಗಸರ ಜಾಗ, ಅಂಗವಿಕಲರ ಜಾಗ ಕೂಡ ತುದೀಲೇ. ಕಟ್ಟೆ ಮುಗಿದ ಮೇಲೆ ಜಲ್ಲಿಕಲ್ಲಿನ ಮೇಲೆ ನಿಲ್ಲೋದು ಅವೇ ಬೋಗಿ. ಅಂದ್ರೆ ಕಟ್ಟೆ ಯಾರಿಗೆ ಜಾಸ್ತಿ ಬೇಕೋ ಅವರಿಗೇ ಸಿಗಲ್ಲ. ಬೇಕು ಅಂತ ಯಾರೂ ಹಿಂಗೆ ಮಾಡಿಲ್ಲ, ನಾನು ಹಂಗನ್ನಲ್ಲ. ಆದ್ರೆ ಯಾರೂ ಲೆಕ್ಕ ಹಾಕ್ದೆ ಹೋದ್ರೆ ಆಗೋದು ಹಿಂಗೇ.

ಎತ್ತರದ ಕತೆನೂ ಅಷ್ಟೇ. ಬೋಗಿ ನೆಲ ಹಳಿಯಿಂದ ಹೆಚ್ಚೂಕಮ್ಮಿ ನಾಕಡಿ ಮೇಲಿರ್ತದೆ. ಎತ್ತರದ ಕಟ್ಟೆ ಇದ್ದಲ್ಲಿ, ಅದು ಹಳಿಯಿಂದ 76ರಿಂದ 84 ಸೆಂಟಿಮೀಟರು ಇರ್ತದೆ, ಒಂದೂವರೆ ಅಡಿ ಹತ್ತಿದ್ರೆ ಆಯ್ತು. ಕಟ್ಟೆ ಇಲ್ಲದ ಕಡೆ ಆ ಕಬ್ಬಿಣದ ಮೆಟ್ಟಿಲು ನೆಟ್ಟಗೆ ಏಣಿ ಥರ. ಸೀರೆ ಉಟ್ಟೋರು, ಮಂಡಿನೋವಿನೋರು ಅದರ ಮೇಲೆ ಹತ್ತೋದನ್ನ ನೋಡಿದ್ರೆ ಹೊಟ್ಟೇಲಿ ಕಲಸ್ದಂಗಾಗ್ತದೆ. ನಮ್ಮ ಚಿಕ್ಕಮ್ಮ ಹೋದ ವರ್ಷ ಒಂದು ಸಣ್ಣ ಸ್ಟೇಷನಲ್ಲಿ ರಾತ್ರಿ ಕಡೇ ಬೋಗಿಯಿಂದ ಇಳಿಯಕ್ಕೆ ಹೋಗಿ ಜಲ್ಲಿ ಮೇಲೆ ಕಾಲು ಉಳುಕಿಸ್ಕೊಂಡ್ರು. ಮೂರು ತಿಂಗಳು ಮಣೆ ಮೇಲೆ ಕೂತು ಅಡುಗೆ ಮಾಡಿದ್ರು. "ಬೋಗಿ ಜಾಸ್ತಿ ಹಾಕ್ಸಿ ಅಂದೋಳು ನಾನೇ ಕಣೆ" ಅಂತ ನಗ್ತಾರೆ ಈಗ. ನಂಗೆ ನಗು ಬರಲ್ಲ.

ಈ ವಿಷ್ಯದಲ್ಲಿ ಮುಂಬೈಯೋರಿಂದ ಕಲಿಯೋದೈತೆ. ಅಲ್ಲಿ ಪಶ್ಚಿಮ ರೈಲ್ವೆ 15 ಬೋಗಿ ಲೋಕಲ್ ಶುರು ಮಾಡಿದ್ದು 2009ರಲ್ಲಿ, ಫಾಸ್ಟ್ ಲೈನಿನಲ್ಲಿ. ಎಲ್ಲಾ ಸ್ಟೇಷನಲ್ಲೂ ನಿಲ್ಲೋ ಸ್ಲೋ ಲೈನಿಗೆ, ಅಂಧೇರಿಯಿಂದ ವಿರಾರ್‌ವರ್ಗೆ, 15 ಬೋಗಿ ಬಂದಿದ್ದು 2021ರಲ್ಲಿ. ನಡುವೆ 12 ವರ್ಷ! ಕಟ್ಟೆ ಉದ್ದ ಆಗ್ಬೇಕಿತ್ತು, ಅದಕ್ಕೆ. ದೊಡ್ಡೋರು ಮೊದಲು ಹೋದ್ರು, ಸಣ್ಣ ಸ್ಟೇಷನ್ನೋರು ಕಾಯ್ತಾ ನಿಂತ್ರು. 2024ರಲ್ಲಿ ಅದೇ ಊರಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಲ್ಲಿ 24 ಬೋಗಿ ರೈಲು ನಿಲ್ಲೋ ಹಂಗೆ ಕಟ್ಟೆ ಉದ್ದ ಮಾಡೋಕೆ, ಜೊತೆಗೆ ಠಾಣೆ ಸ್ಟೇಷನ್ನಿನ ಕೆಲಸಕ್ಕೆ, 63 ಗಂಟೆ ರೈಲು ಸಂಚಾರಕ್ಕೆ ಕತ್ತರಿ ಹಾಕಿದ್ರು. ಗಾಡಿ ಓಡ್ತಾ ಇರೋ ಸ್ಟೇಷನಲ್ಲಿ ಕಟ್ಟೆ ಬೆಳೆಸೋದು ಸುಲಭ ಅಲ್ಲ. ಸಿಗ್ನಲ್ ಕಂಬ ಸರಿಸ್ಬೇಕು, ತುದೀಲಿ ಗೇಟಿದ್ರೆ ಅದಕ್ಕೆ ದಾರಿ ನೋಡ್ಬೇಕು. ಒಪ್ತೀನಿ. ಕಷ್ಟದ ಕೆಲಸ ಅಂತಲೇ ಮೊದಲು ಶುರು ಮಾಡ್ಬೇಕು ಅನ್ನೋದು ನನ್ ವಾದ.

ನಮ್ ಲೈನಿಗೆ ಒಂದು ಅನುಕೂಲ ಐತೆ. ಇದು ಗೂಡ್ಸ್ ಗಾಡಿ ಓಡೋ ಲೈನು. ಎಕ್ಸ್‌ಪ್ರೆಸ್ಸಿಗೆ ದಾರಿ ಬಿಟ್ಟು ಗೂಡ್ಸು ಪಕ್ಕಕ್ಕೆ ನಿಲ್ಲೋ ಹಳಿ ಇರ್ತದಲ್ಲ, ಲೂಪ್ ಲೈನು, ಅದು ಹತ್ರ ಹತ್ರ 700 ಮೀಟರು ಇರ್ತದೆ. ಅಂದ್ರೆ ಅಂಥ ಸ್ಟೇಷನಲ್ಲಿ ಹಳಿಗೆ ಉದ್ದ ಇದ್ದೇ ಐತೆ, ಉದ್ದ ಬೇಕಾಗಿರೋದು ಮನುಷ್ಯರು ಕಾಲಿಡೋ ಕಟ್ಟೆಗೆ.

"ದಿನಕ್ಕೆ ಐವತ್ತು ಜನ ಹತ್ತೋ ಸ್ಟೇಷನ್ನಿಗೆ ಅಷ್ಟುದ್ದ ಕಟ್ಟೆ ಯಾಕೆ, ದುಡ್ಡು ದಂಡ" ಅನ್ನೋರು ಅವರೆ. ಅಟ್ಟ ಕಟ್ಟೋವಾಗ ನಾವು ಈ ವರ್ಷದ ಕಾಯಿ ಲೆಕ್ಕ ಹಾಕ್ತೀವಾ? ಗಿಡ ಫಲಕ್ಕೆ ಬರೋ ವರ್ಷದ ಲೆಕ್ಕ ಹಾಕ್ತೀವಿ. ಸರಿಯಾಗಿ ಹತ್ತಕ್ಕೆ ಇಳಿಯಕ್ಕೆ ಆಗ್ದಿರೋದಕ್ಕೇ ಎಷ್ಟೋ ಜನ ಬಸ್ಸಿಗೆ ಹೋಗ್ತಾರೆ. ಕಟ್ಟೆ ಆದ್ರೆ ಐವತ್ತು ಐನೂರಾಗಲ್ಲ ಅಂತ ಹೆಂಗೆ ಹೇಳ್ತೀರಿ?

ಈಗ ಕೇಳೋಕೆ ಒಳ್ಳೇ ಕಾಲ. ಅಮೃತ ಭಾರತ ಸ್ಟೇಷನ್ ಯೋಜನೇಲಿ ತಿಪಟೂರು, ಅರಸೀಕೆರೆ ಎರಡೂ ಅವೆ. 2024ರಿಂದ ರೈಲ್ವೆ ರಾಜ್ಯ ಸಚಿವರಾಗಿರೋ ವಿ. ಸೋಮಣ್ಣನೋರು ನಮ್ಮ ತುಮಕೂರು ಕ್ಷೇತ್ರದ ಸಂಸದರೇ. ಸ್ಟೇಷನ್ ಮುಂದೆ ಕಮಾನು, ದೀಪ, ಬಣ್ಣ ಎಲ್ಲಾ ಚೆಂದವೇ. ಮದುವೆಮನೆ ಚಪ್ಪರ ನೋಡಕ್ಕೆ ಯಾರಿಗೆ ಇಷ್ಟ ಇಲ್ಲ? ಆದ್ರೆ ಪಂಕ್ತೀಲಿ ಕಡೇಲಿ ಕೂತೋರಿಗೆ ಎಲೆನೇ ಬೀಳ್ಲಿಲ್ಲ ಅಂದ್ರೆ ಚಪ್ಪರ ಕಟ್ಕೊಂಡು ಏನ್ಮಾಡೋದು. ನಂಗನ್ನಿಸೋ ಸಾಲು ಇದು: ಮೊದಲು ಕಟ್ಟೆ ಉದ್ದ, ಎತ್ತರ. ಆಮೇಲೆ ಎರಡೂ ತುದೀಲಿ ದೀಪ, ನೆರಳು, ನಲ್ಲಿ. ಯಾವ ಬೋಗಿ ಎಲ್ಲಿ ನಿಲ್ತದೆ ಅನ್ನೋ ಬೋರ್ಡು. ಇವಿಷ್ಟೂ ಆದ ಮೇಲೆ ಕಮಾನು. ಕಟ್ಟೆ ಆಗೋವರ್ಗೂ ಉದ್ದ ರೈಲು ನಿಲ್ಲೋ ಕಡೆ ಇನ್ನೊಂದು ನಿಮಿಷ ಜಾಸ್ತಿ ನಿಲ್ಸಿ. ಅದಕ್ಕೆ ಸಿಮೆಂಟು ಬೇಡ, ಮನಸ್ಸು ಸಾಕು.

ಅಕ್ಕ ತಂಗೇರೆ, ನೀವೂ ಒಂದು ಕೆಲಸ ಮಾಡಿ. ಮುಂದಿನ ಸಲ ರೈಲಿಗೆ ಹೋದಾಗ ಕಡೇ ಬೋಗಿ ಕಟ್ಟೆಯಿಂದ ಎಷ್ಟು ದೂರ ನಿಲ್ತದೆ ನೋಡಿ, ಗಾಡಿ ಹೆಸರು, ತಾರೀಕು ಬರ್ಕೊಳ್ಳಿ. ಸ್ಟೇಷನ್ ಮಾಸ್ಟರ್ ಹತ್ರ ದೂರಿನ ಪುಸ್ತಕ ಇರ್ತದೆ, ಕೇಳಿ ಇಸ್ಕೊಂಡು ಬರೀರಿ. 139ಕ್ಕೆ ಫೋನೂ ಮಾಡ್ಬೋದು. ಕನ್ನಡದಲ್ಲೇ ಬರೀರಿ, ಎರಡು ಸಾಲು ಸಾಕು. ಒಬ್ಬಳು ಬರೆದ್ರೆ ಗೊಣಗಾಟ ಅಂತಾರೆ. ಒಂದೇ ಸ್ಟೇಷನ್ನಿಂದ ನಲವತ್ತು ಜನ ಬರೆದ್ರೆ ಅಳತೆ ಟೇಪು ಹಿಡ್ಕೊಂಡು ಬರ್ಲೇಬೇಕು.