ಬಲೂನು ಹತ್ತದವನ ಪರವಾಗಿ

ಧ್ರುವಯಾತ್ರೆ ಅಂದಕೂಡಲೇ ನಮಗೆ ನೆನಪಾಗುವುದು ಅಮುಂಡ್ಸೆನ್, ಸ್ಕಾಟ್, ಪಿಯರಿ. ಯಾರು ಮೊದಲು ಮುಟ್ಟಿದರು, ಯಾರು ದಾರಿಯಲ್ಲಿ ಸತ್ತರು, ಇಷ್ಟೇ ಲೆಕ್ಕ. ಹೊರಡುವ ಮುಂಚೆಯೇ ‘ನಾನು ಬರೋದಿಲ್ಲ’ ಅಂದವನಿಗೆ ಆ ಲೆಕ್ಕದ ಪುಸ್ತಕದಲ್ಲಿ ಜಾಗವಿಲ್ಲ. ಅಂಥ ಒಬ್ಬನ ಪರವಾಗಿ ನಾನು ವಕಾಲತ್ತು ಹಾಕುತ್ತಿದ್ದೇನೆ.

ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳ ವಾಯುವ್ಯ ಮೂಲೆಯಲ್ಲಿ ಡೇನ್ಸ್ ದ್ವೀಪವಿದೆ. ಅದರ ಉತ್ತರ ದಡದಲ್ಲಿ ವಿರ್ಗೊಹಾಮ್ನ ಅಂತ ಒಂದು ಪುಟ್ಟ ಕೊಲ್ಲಿ. ಗಿಡಮರವಿಲ್ಲ, ಬರೀ ಕಲ್ಲು, ಹಿಮ. ಅಲ್ಲಿಂದ ಉತ್ತರ ಧ್ರುವ ಸಾವಿರದ ನೂರು ಕಿಲೋಮೀಟರಿಗೂ ತುಸು ಹೆಚ್ಚು. 17ನೆಯ ಶತಮಾನದಲ್ಲಿ ಡಚ್ಚರು ಇಲ್ಲಿ ತಿಮಿಂಗಿಲದ ಕೊಬ್ಬು ಕುದಿಸಿ ಎಣ್ಣೆ ತೆಗೆಯುತ್ತಿದ್ದರು. ಆಮೇಲೆ ಬಹುಕಾಲ ಯಾರಿಗೂ ಬೇಡವಾಗಿದ್ದ ಈ ಜಾಗಕ್ಕೆ 1896ರಲ್ಲಿ ‘ವಿರ್ಗೊ’ ಹಡಗಿನಲ್ಲಿ ಸ್ವೀಡನ್ನಿನ ಎಂಜಿನಿಯರ್ ಆಂಡ್ರೆ ಬಂದಿಳಿದ. ಕೊಲ್ಲಿಗೆ ಆ ಹಡಗಿನದೇ ಹೆಸರು.

ಜಲಜನಕ ತುಂಬಿದ ಬಲೂನಿನಲ್ಲಿ ಧ್ರುವದ ಮೇಲೆ ಹಾರಿಹೋಗುವುದು ಆಂಡ್ರೆಯ ಹಂಚಿಕೆ. ಹಿಮದ ಮೇಲೆ ಎಳೆದುಕೊಂಡು ಹೋಗುವ ಭಾರೀ ಹಗ್ಗಗಳಿಂದ ಬಲೂನಿಗೆ ದಿಕ್ಕು ಕೊಡಬಹುದು ಅಂತ ಅವನ ನಂಬಿಕೆ. ಹಣ ಕೊಟ್ಟವರಲ್ಲಿ ಆಲ್‌ಫ್ರೆಡ್ ನೊಬೆಲ್ ಇದ್ದ, ಸ್ವತಃ ದೊರೆ ಆಸ್ಕರ್ ಇದ್ದ. ಇಷ್ಟೆಲ್ಲ ಆದಮೇಲೆ ಬೇಡ ಅನ್ನುವ ಬಾಯಿ ಯಾರಿಗಿರುತ್ತದೆ ಹೇಳಿ?

ನಿಲ್ಸ್ ಎಕ್‌ಹೋಮ್‌ಗೆ ಇತ್ತು. ಆತ ಹವಾಮಾನ ವಿಜ್ಞಾನಿ. 1882-83ರಲ್ಲಿ ಸ್ವಾಲ್ಬಾರ್ಡಿನಲ್ಲೇ ಚಳಿಗಾಲ ಕಳೆದ ಸ್ವೀಡಿಷ್ ತಂಡಕ್ಕೆ ಅವನೇ ಮುಖ್ಯಸ್ಥ, ಆಂಡ್ರೆ ಅವನ ಕೈಕೆಳಗೆ ಸಹಾಯಕನಾಗಿದ್ದವನು. ಈ ಸಲ ಬಲೂನು ಹತ್ತಬೇಕಾದ ಮೂವರಲ್ಲಿ ಎಕ್‌ಹೋಮ್ ಒಬ್ಬ. 1896ರ ಬೇಸಗೆಯಿಡೀ ಆ ದಡದಲ್ಲಿ ಕಾದರೂ ತೆಂಕಣ ಗಾಳಿ ಬೀಸಲೇ ಇಲ್ಲ. ಕಾಯುವ ಹೊತ್ತಿನಲ್ಲಿ ಎಕ್‌ಹೋಮ್ ಬಲೂನಿನಿಂದ ಅನಿಲ ಎಷ್ಟು ಸೋರುತ್ತಿದೆ ಅಂತ ಅಳೆಯುತ್ತ ಕೂತ. ರೇಷ್ಮೆ ಬಟ್ಟೆಯ ಹೊಲಿಗೆಯುದ್ದಕ್ಕೂ ಲಕ್ಷಾಂತರ ಸೂಜಿತೂತುಗಳು. ಆಂಡ್ರೆ 30 ದಿನ ಹಾರಾಡುವ ಮಾತಾಡುತ್ತಿದ್ದ, ಇವನ ಲೆಕ್ಕಕ್ಕೆ 17 ದಿನದ ಮೇಲೆ ಬರಲಿಲ್ಲ. ಊರಿಗೆ ಮರಳುವಾಗ ಇನ್ನೊಂದು ಗುಟ್ಟು ರಟ್ಟಾಯಿತು: ಆಂಡ್ರೆ ಯಾರಿಗೂ ಹೇಳದೆ ಬಲೂನಿಗೆ ಆಗಾಗ ಅನಿಲ ತುಂಬಿಸುತ್ತಿದ್ದನಂತೆ! ಎಕ್‌ಹೋಮ್ ತಂಡ ಬಿಟ್ಟ. ಬಿಟ್ಟು ಮೂಲೆ ಸೇರಲಿಲ್ಲ, ಯಾಕೆ ಬಿಟ್ಟೆ ಅಂತ ಸ್ಟಾಕ್‌ಹೋಮಿನಲ್ಲಿ ವಿಜ್ಞಾನಿಗಳ ಎದುರೇ ಹೇಳಿದ.

ಅವನ ಜಾಗಕ್ಕೆ 27 ವರ್ಷದ ಫ್ರೆಂಕೆಲ್ ಬಂದ. ಫೋಟೋ ತೆಗೆಯುವ ಸ್ಟ್ರಿಂಡ್‌ಬರ್ಗ್‌ಗೆ ಇನ್ನೂ 24, ಮದುವೆ ನಿಶ್ಚಯವಾಗಿದ್ದ ಹುಡುಗ. 1897ರ ಜುಲೈ 11ರಂದು ಅದೇ ಕೊಲ್ಲಿಯಿಂದ ಬಲೂನು ಎದ್ದಿತು. ಏಳುತ್ತಲೇ ದಿಕ್ಕು ಕೊಡಬೇಕಾದ ಹಗ್ಗಗಳ ಬಹುಭಾಗ ಕಳಚಿ ದಡದ ಹತ್ತಿರವೇ ಉಳಿಯಿತು. 30 ದಿನ ಇರಲಿ, 17 ದಿನವೂ ಇರಲಿ, ಮೂರು ದಿನ ತುಂಬುವ ಮುಂಚೆ ಹಿಮದ ಮೇಲೆ ಇಳಿದಿತ್ತು. ಎರಡೂವರೆ ತಿಂಗಳಿಗೂ ಮೇಲೆ ಹಿಮದಲ್ಲಿ ಅಲೆದು ಕ್ವಿಟೋಯ ದ್ವೀಪ ಸೇರಿದ ಮೂವರೂ ಅಲ್ಲೇ ಸತ್ತರು. 1930ರಲ್ಲಿ ಶವಗಳು, ಡೈರಿಗಳು, ಫಿಲ್ಮುಗಳು ಸಿಕ್ಕವು. 33 ವರ್ಷ ಹಿಮದಲ್ಲಿದ್ದ ಫಿಲ್ಮಿನಿಂದ 90ಕ್ಕೂ ಹೆಚ್ಚು ಚಿತ್ರ ಮೂಡಿದವು. ಮುದುರಿ ಬಿದ್ದ ಬಲೂನಿನ ಪಕ್ಕ ಇಬ್ಬರು ಸುಮ್ಮನೆ ನಿಂತಿರುವ ಆ ಚಿತ್ರ ನೋಡಿದರೆ ಕರುಳು ಚುರ್ ಅನ್ನುತ್ತದೆ. ಅವರ ಧೈರ್ಯ ಸುಳ್ಳು ಅನ್ನುವಷ್ಟು ಒರಟ ನಾನಲ್ಲ.

ಆದರೆ ಇದನ್ನು ಓದಿದ ಗೆಳೆಯರೊಬ್ಬರು, ‘ಎಕ್‌ಹೋಮ್ ಜೀವ ಉಳಿಸಿಕೊಂಡ, ಅಷ್ಟೇ’ ಅಂದರು. ಅಷ್ಟೇನಾ ಸ್ವಾಮಿ? ದೇಶವೆಲ್ಲ ಜೈಕಾರ ಹಾಕುತ್ತಿರುವಾಗ ‘ಲೆಕ್ಕ ತಪ್ಪಿದೆ’ ಅನ್ನುವುದು ಹಾರುವುದಕ್ಕಿಂತ ಸುಲಭವೇ? ಆ ಹುಡುಗರಿಬ್ಬರೂ ಅವನ ಮಾತನ್ನು ಕೇಳಿಸಿಕೊಳ್ಳಬಹುದಿತ್ತು. ಆದರೆ ಜೈಕಾರದ ನಡುವೆ ಯಾವ ಹುಡುಗನಿಗೆ ಲೆಕ್ಕ ಕೇಳಿಸುತ್ತದೆ?

ಕೊಲ್ಲಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಅಮೆರಿಕದ ಪತ್ರಕರ್ತ ವೆಲ್ಮನ್ 1906ರಲ್ಲಿ ಅಲ್ಲೇ ವಾಯುನೌಕೆಗೆ ಕೊಟ್ಟಿಗೆ ಕಟ್ಟಿಸತೊಡಗಿದ. 1907ರಲ್ಲೊಮ್ಮೆ, 1909ರಲ್ಲೊಮ್ಮೆ ಹಾರಿ, ಎರಡು ಸಲವೂ ಬೇಗನೆ ಹಿಂದಿರುಗಿದ. ಕೊನೆಗೆ 1926ರಲ್ಲಿ ಅಮುಂಡ್ಸೆನ್, ನೊಬಿಲೆ ಇದ್ದ ‘ನೋರ್ಗೆ’ ವಾಯುನೌಕೆ ಧ್ರುವದ ಮೇಲೆ ಹಾರಿತು. ಅದು ಹೊರಟದ್ದು ದಕ್ಷಿಣಕ್ಕಿರುವ ನ್ಯೂ-ಓಲೆಸುಂಡಿನಿಂದ. ವಿರ್ಗೊಹಾಮ್ನದಲ್ಲಿ ಉಳಿದದ್ದು ಮುರಿದ ಹಲಗೆ, ತುಕ್ಕು ಹಿಡಿದ ಕಬ್ಬಿಣ, ಜಲಜನಕ ತಯಾರಿಸಿದ ಸಾಮಾನಿನ ಚೂರುಗಳು. ಈಗ ಅಲ್ಲಿ ಕಾಲಿಡಬೇಕಾದರೆ ಸ್ವಾಲ್ಬಾರ್ಡಿನ ಗವರ್ನರ್ ಕಚೇರಿಯ ಅಪ್ಪಣೆ ಬೇಕು.

ಎಕ್‌ಹೋಮ್ ತೀರಿಕೊಂಡದ್ದು 1923ರಲ್ಲಿ. ತನ್ನ ಸಂಗಾತಿಗಳಿಗೆ ಏನಾಯಿತು ಅಂತ ಅವನಿಗೆ ಕೊನೆಗೂ ತಿಳಿಯಲಿಲ್ಲ. ಅಷ್ಟರಲ್ಲಿ, 1901ರಲ್ಲಿ, ಅವನು ಇನ್ನೊಂದು ಲೆಕ್ಕವನ್ನೂ ಮುಂದಿಟ್ಟಿದ್ದ: ನಾವು ಕಲ್ಲಿದ್ದಲು ಉರಿಸುತ್ತ ಹೋದರೆ ಭೂಮಿಯ ಶಾಖ ಏರುತ್ತದೆ ಅಂತ.